ಸಿಎನ್‌ಸಿ ಟೂಲ್ ಪಾತ್ ಪರಿಶೀಲನೆ: ಯಾವ ಯೂನಿಟ್‌ಗೆ ಯಾವ ವಿಧಾನ ಹೊಂದುತ್ತದೆ

ಇತ್ತೀಚೆಗೆ ಒಂದೇ ವಾರದಲ್ಲಿ ಇಬ್ಬರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಪೀಣ್ಯದಲ್ಲಿ ಒಂದೇ ಒಂದು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕತ್ತರಿಸುವ ಸಿಎನ್‌ಸಿ ಮಿಲ್ಲಿಂಗ್ ಮೆಶಿನ್) ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು. ಇನ್ನೊಬ್ಬರು ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕೈದು ಟರ್ನಿಂಗ್ ಸೆಂಟರ್‌ಗಳನ್ನು (ಸಿಎನ್‌ಸಿ ಲೇಥ್‌ಗಳನ್ನು) ನಡೆಸುತ್ತ, ಈಗ ಐದು ಅಕ್ಷದ (ಟೇಬಲ್ ಅಥವಾ ಹೆಡ್ ಕೂಡ ತಿರುಗಿ ಓರೆಯಾಗುವ) ಮೆಶಿನ್ ಕೊಳ್ಳುವ ಯೋಚನೆಯಲ್ಲಿರುವವರು. ಲೋಹಕ್ಕೆ ಟೂಲ್ ತಾಗುವ ಮೊದಲೇ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಿಕೊಳ್ಳಲು ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು ಎಂಬುದು ಇಬ್ಬರ ಪ್ರಶ್ನೆಯೂ ಆಗಿತ್ತು. ಇಬ್ಬರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಸಾಫ್ಟ್‌ವೇರ್ ಎಂಬುದು ಪರಿಶೀಲನೆಯ ಹಲವು ದಾರಿಗಳಲ್ಲಿ ಒಂದು ಮಾತ್ರ; ಪ್ರತಿಯೊಂದು ದಾರಿಗೂ ಕಾಣುವ ತಪ್ಪುಗಳಿವೆ, ಎಷ್ಟು ದುಡ್ಡು ಸುರಿದರೂ ಕಾಣದ ತಪ್ಪುಗಳೂ ಇವೆ. ಆದ್ದರಿಂದ ದಾರಿಗಳನ್ನು ತೂಗುವ ಮೊದಲು, ತೂಗುವ ಕಲ್ಲುಗಳು ಯಾವುವು ಎಂದು ಹೇಳಿಬಿಡುತ್ತೇನೆ.

ಮೊದಲನೆಯದಾಗಿ, ಪರಿಶೀಲನೆ ಓದುವುದು ಏನನ್ನು ಎಂಬುದನ್ನು ನೋಡಬೇಕು. ಜಾಬಿನ ಮಾದರಿಯಿಂದ ಪ್ರೋಗ್ರಾಂ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್ ಒಳಗೆ ಹುಟ್ಟಿದ ಟೂಲ್ ಪಾತ್ (ಟೂಲ್ ಸಾಗುವ ದಾರಿ) ಒಂದು ವಸ್ತು, ಅದು ಪೋಸ್ಟ್ ಪ್ರೊಸೆಸರ್ (ಆ ದಾರಿಯನ್ನು ಮೆಶಿನ್‌ನ ಭಾಷೆಗೆ ತಿರುಗಿಸುವ ತಂತ್ರಾಂಶ, ಚಿಕ್ಕದಾಗಿ ‘ಪೋಸ್ಟ್’) ಮೂಲಕ ಹಾದು, ಮೆಶಿನ್ ಆದೇಶಗಳ ಸಾಲುಗಳಾದ ಜಿ ಕೋಡ್ ಆಗಿ ಹೊರಬಂದದ್ದು ಇನ್ನೊಂದು ವಸ್ತು. ಮೆಶಿನ್ ಓದುವುದು ಎರಡನೆಯದನ್ನು. ಎರಡನೆಯದಾಗಿ, ಅದಕ್ಕೆ ಕಾಣುವುದು ಟೂಲ್‌ನ ತುದಿ ಮಾತ್ರವೋ, ಅಥವಾ ಹೋಲ್ಡರ್, ವೈಸ್, ಕ್ಲಾಂಪ್, ಚಕ್, ಮೆಶಿನ್‌ನ ಟೇಬಲ್ಲು ಇವೆಲ್ಲವೂ ಕಾಣುತ್ತವೆಯೋ ಎಂದು ಕೇಳಬೇಕು. ಮೂರನೆಯದು, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು, ಆಪರೇಟರ್ ಕಂಟ್ರೋಲರ್‌ನಲ್ಲಿ (ಮೆಶಿನ್ ನಡೆಸುವ ಕಂಪ್ಯೂಟರ್‌ನಲ್ಲಿ) ತುಂಬಿದ ಆಫ್‌ಸೆಟ್‌ಗಳು (ಟೂಲ್‌ನ ಉದ್ದ, ಜಾಬಿನ ಸ್ಥಾನ ಇವುಗಳ ಅಳತೆಗಳು) ಆ ಪರಿಶೀಲನೆಗೆ ಗೊತ್ತೇ ಎಂಬುದು. ಇವಲ್ಲದೆ ಮೆಶಿನ್‌ನ ಸಮಯ ಎಷ್ಟು ತಿನ್ನುತ್ತದೆ, ಹಣ ಎಷ್ಟು, ಅದನ್ನು ನಡೆಸಲು ಎಂಥ ಕೈ ಬೇಕು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ.

ಮೂರನೆಯ ಕಲ್ಲಿಗೆ ಅಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಎನ್8 ಸ್ಟೀಲಿನ ಒಂದು ಪ್ಲೇಟಿಗೆ ನಾನೇ ಪ್ರೋಗ್ರಾಂ ಮಾಡಿದ್ದೆ. ಕ್ಯಾಮ್‌ನಲ್ಲಿ ಎರಡು ಸಲ ಸಿಮ್ಯುಲೇಶನ್ ಓಡಿಸಿ, ಎಲ್ಲಿಯೂ ಕೆಂಪು ಗುರುತು ಬಾರದಿದ್ದರಿಂದ ನಿಶ್ಚಿಂತೆಯಿಂದ ಫೈಲ್ ಕಳುಹಿಸಿದೆ. ಆರನೆಯ ಟೂಲ್ 10 ಮಿ.ಮೀ. ಡ್ರಿಲ್, ಅಳೆದಾಗ ಅದರ ಉದ್ದ 152.430 ಬಂದಿತ್ತು. ಆಪರೇಟರ್ ಹುಡುಗ ಅದನ್ನು ಚೀಟಿಯಲ್ಲಿ ಸರಿಯಾಗಿಯೇ ಬರೆದುಕೊಂಡು, ಕಂಟ್ರೋಲರ್‌ಗೆ ಒತ್ತುವಾಗ ಮಾತ್ರ 125.430 ಎಂದು ಒತ್ತಿಬಿಟ್ಟ. ಡ್ರಿಲ್ ಇರುವುದಕ್ಕಿಂತ 27 ಮಿ.ಮೀ. ಗಿಡ್ಡ ಎಂದು ಕಂಟ್ರೋಲರ್ ನಂಬಿತು. ಅಂದರೆ ಸ್ಪಿಂಡಲ್ ಅಷ್ಟೇ ಕೆಳಕ್ಕೆ ಇಳಿಯುವುದು ನಿಶ್ಚಯವಾಯಿತು. ಪ್ರೋಗ್ರಾಂನ ಸಾಲು ‘ಜಿ43 ಎಚ್6 ಝಡ್25.’ ಎಂದಿತ್ತು, ಅಂದರೆ ಆರನೆಯ ಟೂಲ್‌ನ ಉದ್ದವನ್ನು ಲೆಕ್ಕಕ್ಕೆ ಹಿಡಿದು ಝಡ್ (ಎತ್ತರ) 25ಕ್ಕೆ ಹೋಗು. ಜಾಬಿನ (ಕತ್ತರಿಸಬೇಕಾದ ವಸ್ತುವಿನ) ಮೇಲ್ಮೈಯಿಂದ 25 ಮಿ.ಮೀ. ಎತ್ತರದಲ್ಲಿ ನಿಲ್ಲಬೇಕಾದ ತುದಿ ಮೇಲ್ಮೈಯಿಂದ 2 ಮಿ.ಮೀ. ಒಳಗೆ ಹೋಗಿ ನಿಲ್ಲಲು, ಅದೂ ಕತ್ತರಿಸದೆ ಓಡುವಾಗಿನ ಗರಿಷ್ಠ ವೇಗವಾದ ರ‍್ಯಾಪಿಡ್ ವೇಗದಲ್ಲಿ, ಹೊರಟಿತು. ಡ್ರಿಲ್ ಮುರಿಯಿತು, ಅದನ್ನು ಹಿಡಿದಿದ್ದ ಕಾಲೆಟ್ ಹಾಳಾಯಿತು, ಸ್ಪಿಂಡಲ್‌ಗೆ ಏನೂ ಆಗಿಲ್ಲವೆಂದು ಡಯಲ್ ಇಟ್ಟು ತಿರುಗಿಸಿ ನೋಡುವವರೆಗೆ ನಮ್ಮ ಎದೆ ಡವಡವ ಎನ್ನುತ್ತಿತ್ತು. ಆ ಪ್ರೋಗ್ರಾಂನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಜಗತ್ತಿನ ಅತಿ ದುಬಾರಿ ಸಿಮ್ಯುಲೇಶನ್‌ನಲ್ಲಿ ಓಡಿಸಿದ್ದರೂ ಅದು ‘ಸರಿಯಿದೆ’ ಎಂದೇ ಹೇಳುತ್ತಿತ್ತು.

ಕ್ಯಾಮ್ ಒಳಗಿನ ಸಿಮ್ಯುಲೇಶನ್

ಮಾಸ್ಟರ್‌ಕ್ಯಾಮ್ ಆಗಲಿ, ಫ್ಯೂಷನ್ ಆಗಲಿ, ಕ್ಯಾಮ್ ಸಾಫ್ಟ್‌ವೇರ್ ಇದ್ದವರಿಗೆಲ್ಲ ಈ ಸೌಲಭ್ಯ ಕೈಯಲ್ಲೇ ಇರುತ್ತದೆ, ಬೇರೆ ಖರ್ಚಿಲ್ಲ. ಕಚ್ಚಾ ಮಾಲಿನ ಬ್ಲಾಕ್ ಪರದೆಯ ಮೇಲೆ ಕಡಿತವಾಗುತ್ತ ಹೋಗುವುದನ್ನು ನೋಡಬಹುದು, ಮುಗಿದ ಮೇಲೆ ಅದನ್ನು ಮೂಲ ಮಾದರಿಯ ಜೊತೆ ಹೋಲಿಸಿ ಎಲ್ಲಿ ಹೆಚ್ಚು ಕೊರೆದಿದೆ, ಎಲ್ಲಿ ಮಾಲು ಉಳಿದಿದೆ ಎಂದು ಬಣ್ಣಗಳಲ್ಲಿ ತಿಳಿದುಕೊಳ್ಳಬಹುದು. ಗೌಜ್ (ಬೇಡದ ಕಡೆ ಆದ ಕೊರೆತ) ಹಿಡಿಯುವುದಕ್ಕೆ, ಟೂಲ್ ಹೊಕ್ಕದ ಮೂಲೆಗಳನ್ನು ಗುರುತಿಸುವುದಕ್ಕೆ, ಎಂಡ್ ಮಿಲ್ಲಿನ ಹೊರಚಾಚು ಸಾಲದೆ ಹೋಲ್ಡರ್ ಗೋಡೆಗೆ ಉಜ್ಜುವುದನ್ನು ಮೊದಲೇ ಕಾಣುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಆದರೆ ಹೋಲ್ಡರ್ ಮತ್ತು ವೈಸ್‌ನ ಆಕಾರವನ್ನು ನೀವೇ ತುಂಬಿರಬೇಕು ಎಂಬ ಷರತ್ತು ಇದೆ. ನಾನು ನೋಡಿದ ಯೂನಿಟ್‌ಗಳಲ್ಲಿ ಬಹಳಷ್ಟು ಕಡೆ ಟೂಲ್ ಲೈಬ್ರರಿಯಲ್ಲಿ ಹೋಲ್ಡರ್ ಎಂಬುದೇ ಇರುವುದಿಲ್ಲ, ಟೂಲ್ ಗಾಳಿಯಲ್ಲಿ ತೇಲುತ್ತ ಕತ್ತರಿಸುತ್ತದೆ. ಹಾಗೆ ಓಡಿಸಿದ ಸಿಮ್ಯುಲೇಶನ್‌ನಲ್ಲಿ ಡಿಕ್ಕಿ ಕಾಣಲಿಲ್ಲವೆಂದರೆ, ಡಿಕ್ಕಿ ಹೊಡೆಯಬಲ್ಲ ವಸ್ತುಗಳೇ ಅಲ್ಲಿರಲಿಲ್ಲ ಎಂದಷ್ಟೇ ಅರ್ಥ.

ಇದರ ದೊಡ್ಡ ಕೊರತೆ ಬೇರೆಯೇ ಇದೆ. ಸಾಮಾನ್ಯವಾಗಿ ಈ ಸಿಮ್ಯುಲೇಶನ್ ಓದುವುದು ಪೋಸ್ಟ್ ಆಗುವುದಕ್ಕೆ ಮುಂಚಿನ ಟೂಲ್ ಪಾತನ್ನು. ಪೋಸ್ಟ್‌ನಲ್ಲಿ ತಪ್ಪಿದ್ದರೆ, ವೃತ್ತದ ಕೇಂದ್ರವನ್ನು ತಪ್ಪು ಲೆಕ್ಕದಲ್ಲಿ ಬರೆದರೆ, ಡ್ರಿಲ್ಲಿಂಗ್ ಸೈಕಲ್ ಮುಗಿದ ಮೇಲೆ ಅದನ್ನು ರದ್ದು ಮಾಡುವ ಜಿ80 ಬರೆಯಲು ಮರೆತರೆ, ಅದು ಇಲ್ಲಿ ಗೊತ್ತಾಗುವುದೇ ಇಲ್ಲ. ಫೈಲ್ ಹೊರಬಂದ ಮೇಲೆ ಆಪರೇಟರ್ ಮೆಶಿನ್ ಬಳಿ ನಿಂತು ಎರಡು ಸಾಲು ತಿದ್ದಿದರಂತೂ ಆ ತಿದ್ದುಪಡಿಯ ಪಾಲಿಗೆ ಕ್ಯಾಮ್ ಕುರುಡು. ಪೋಸ್ಟ್ ವರ್ಷಗಟ್ಟಲೆ ಅದೇ ಮೆಶಿನ್ ಮೇಲೆ ಓಡಿ ಪಳಗಿದ್ದರೆ ಈ ಕೊರತೆ ದೊಡ್ಡದಲ್ಲ; ಹೊಸ ಮೆಶಿನ್‌ಗೆ ಹೊಸ ಪೋಸ್ಟ್ ಬರೆಸಿದ್ದರೆ ಮೊದಲ ಕೆಲವು ತಿಂಗಳು ಅದನ್ನು ನಂಬಬಾರದು. ಫ್ಯೂಷನ್‌ನ ವೈಯಕ್ತಿಕ ಬಳಕೆಯ ಉಚಿತ ಪರವಾನಗಿಯಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: 2020ರಿಂದ ಆ ಪರವಾನಗಿಯಲ್ಲಿ ರ‍್ಯಾಪಿಡ್ ಚಲನೆಗಳೂ ಫೀಡ್ ಚಲನೆಗಳಾಗಿಯೇ (ಕತ್ತರಿಸುವಾಗಿನ ನಿಧಾನ ಚಲನೆಗಳಾಗಿಯೇ) ಹೊರಬರುತ್ತವೆ, ಒಂದೇ ಪ್ರೋಗ್ರಾಂನಲ್ಲಿ ತಾನಾಗಿ ಟೂಲ್ ಬದಲಾಗುವುದೂ ಇಲ್ಲ. ಕಲಿಕೆಗೆ ಅದು ಸಾಕು. ಬಾಡಿಗೆ ಕೆಲಸಕ್ಕೆ ಆ ಪರವಾನಗಿಯನ್ನು ಬಳಸುವಂತಿಲ್ಲ.

ಜಿ ಕೋಡ್ ಓದಿ ಗೆರೆ ಎಳೆಯುವ ಸಾಫ್ಟ್‌ವೇರ್‌ಗಳು

ಪೋಸ್ಟ್ ಆಗಿ ಬಂದ ಫೈಲನ್ನೇ ತೆರೆದು, ಟೂಲ್ ಹೋಗುವ ದಾರಿಯನ್ನು ಗೆರೆಗಳಲ್ಲಿ ತೋರಿಸುವ ಸಾಧನಗಳು ಎರಡನೆಯ ಗುಂಪು. ಬ್ರೌಸರ್‌ನಲ್ಲೇ ನಡೆಯುವ ಎನ್‌ಸಿ ವ್ಯೂವರ್ ಉಚಿತ. ಕ್ಯಾಮೋಟಿಕ್ಸ್ ಎಂಬುದು ಮುಕ್ತ ತಂತ್ರಾಂಶ. ಮೂರು ಅಕ್ಷದ ಕೆಲಸಕ್ಕೆ ಗೆರೆಯ ಜೊತೆಗೆ ಮಾಲು ಕಡಿತವಾಗುವುದನ್ನೂ ತೋರಿಸುತ್ತದೆ. ಹಣ ಕೊಟ್ಟು ಕೊಳ್ಳುವವರಲ್ಲಿ ಸಿಮ್ಕೋ ಎಡಿಟ್ ಹೆಚ್ಚು ಬಳಕೆಯಲ್ಲಿದೆ. ಎರಡು ಫೈಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೋರಿಸುವ ಅದರ ಸೌಲಭ್ಯ, ಗೆರೆ ತೋರಿಸುವುದಕ್ಕಿಂತ ಹೆಚ್ಚು ಉಪಕಾರಿ ಎಂದು ನನ್ನ ಅನುಭವ. ಹಳೆಯ ಜಾಬ್ ಆರು ತಿಂಗಳ ಮೇಲೆ ಮತ್ತೆ ಬಂದಾಗ, ಮೆಶಿನ್‌ನಲ್ಲಿ ಉಳಿದ ಫೈಲಿಗೂ ಕಂಪ್ಯೂಟರ್‌ನಲ್ಲಿ ಇರುವ ಫೈಲಿಗೂ ಎಲ್ಲಿ ಭೇದ ಬಂದಿದೆ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಈ ಗುಂಪು ಹಿಡಿಯುವ ತಪ್ಪುಗಳು ದೊಡ್ಡವು. ವೃತ್ತದ ಕೇಂದ್ರದ ಲೆಕ್ಕ ತಪ್ಪಿದ್ದರೆ ಪರದೆಯ ತುಂಬ ದೈತ್ಯ ವೃತ್ತಗಳು ಬರುತ್ತವೆ, ಕುರುಡನಿಗೂ ಕಾಣುವಷ್ಟು. ಕೈಯಿಂದ ಬರೆದ ಪ್ರೋಗ್ರಾಂನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿದ್ದರೆ ಗೆರೆ ಎಲ್ಲಿಗೋ ಓಡಿರುತ್ತದೆ. ಅಪಾಯವಿರುವುದು ಸಣ್ಣ ತಪ್ಪುಗಳಲ್ಲಿ. ಹಲವು ಫ್ಯಾನುಕ್ ಕಂಟ್ರೋಲರ್‌ಗಳಲ್ಲಿ, ಪ್ಯಾರಾಮೀಟರ್ ಇಟ್ಟಿರುವ ರೀತಿಗೆ ತಕ್ಕಂತೆ, ದಶಾಂಶ ಬಿಂದು ಇಲ್ಲದೆ ‘ಎಕ್ಸ್100’ ಎಂದು ಬರೆದರೆ ಅದು 100 ಮಿ.ಮೀ. ಅಲ್ಲ, 0.1 ಮಿ.ಮೀ. ಎಂದಾಗುತ್ತದೆ. ನಿಮ್ಮ ವ್ಯೂವರ್ ಅದನ್ನು 100 ಎಂದೇ ಓದಿ ಚೆಂದದ ಗೆರೆ ಎಳೆಯಬಹುದು. ಹಾಗಾಗಿ ವ್ಯೂವರ್‌ನ ಸೆಟ್ಟಿಂಗ್ ನಿಮ್ಮ ಕಂಟ್ರೋಲರ್‌ಗೆ ಹೊಂದಿಕೊಂಡಿದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು: ಬೇಕೆಂದೇ ಬಿಂದು ಬಿಟ್ಟ ಒಂದು ಸಾಲು ಬರೆದು ತೆರೆದು ನೋಡಿ.

ಇನ್ನೊಂದು ಸೂಕ್ಷ್ಮ ರ‍್ಯಾಪಿಡ್ ಚಲನೆಯದು. ಎಕ್ಸ್ 200, ವೈ 50 ಕ್ಕೆ ಜಿ00 ಕೊಟ್ಟರೆ ಸರಳ ವ್ಯೂವರ್ ಸೊನ್ನೆಯಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆಯುತ್ತದೆ. ಆದರೆ ಅನೇಕ ಮೆಶಿನ್‌ಗಳಲ್ಲಿ ಎರಡೂ ಅಕ್ಷಗಳು ತಮ್ಮ ತಮ್ಮ ಪೂರ್ಣ ವೇಗದಲ್ಲಿ ಒಟ್ಟಿಗೆ ಹೊರಡುತ್ತವೆ. ವೇಗ ಸಮವಿದ್ದರೆ ಟೂಲ್ ಮೊದಲು ಓರೆಯಾಗಿ 50, 50 ರ ಬಿಂದುವಿಗೆ ಹೋಗಿ, ಅಲ್ಲಿಂದ ಎಕ್ಸ್ ಉದ್ದಕ್ಕೆ ನೇರವಾಗಿ ಸಾಗುತ್ತದೆ. ಅಂದರೆ ದಾರಿ ನಾಯಿಯ ಹಿಂಗಾಲಿನಂತೆ ಮುರಿದಿರುತ್ತದೆ. ಆ ಮುರಿವಿನ ಜಾಗದಲ್ಲಿ ಒಂದು ಕ್ಲಾಂಪ್ ಕೂತಿದ್ದರೆ ಪರದೆಯ ಮೇಲೆ ಬದುಕಿದ ಟೂಲ್ ಮೆಶಿನ್ ಮೇಲೆ ಸಾಯುತ್ತದೆ. ಡ್ರಿಲ್ಲಿಂಗ್‌ನಲ್ಲಿ ಜಿ99 ಬಳಸಿದಾಗಲೂ ಹೀಗೆಯೇ: ಟೂಲ್ ಪ್ರತಿ ರಂಧ್ರದ ನಂತರ ಜಾಬಿನಿಂದ 2 ಮಿ.ಮೀ. ಎತ್ತರದ ಆರ್ ಮಟ್ಟಕ್ಕಷ್ಟೇ ಏರಿ ಮುಂದಿನ ರಂಧ್ರಕ್ಕೆ ಓಡುತ್ತದೆ. ನಡುವೆ 25 ಮಿ.ಮೀ. ಎತ್ತರದ ಕ್ಲಾಂಪ್ ಇದೆ ಎಂಬುದು ಗೆರೆಗೆ ಗೊತ್ತಿಲ್ಲ. ಗಿರಾಕಿಯ ಡ್ರಾಯಿಂಗ್ ಗೋಪ್ಯವಾಗಿರಬೇಕೆಂದು ಒಪ್ಪಂದ ಮಾಡಿಕೊಂಡಿರುವವರು, ಬ್ರೌಸರ್‌ನಲ್ಲಿ ನಡೆಯುವ ಯಾವುದೇ ಸಾಧನಕ್ಕೆ ಫೈಲ್ ಕೊಡುವ ಮೊದಲು ಆ ಒಪ್ಪಂದವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಂಟ್ರೋಲರ್‌ನ ಗ್ರಾಫಿಕ್

ಮೆಶಿನ್ ಜೊತೆಗೇ ಬಂದಿರುವ ಗ್ರಾಫಿಕ್ ಪುಟವನ್ನು ನಮ್ಮಲ್ಲಿ ಅನೇಕರು ಕಡೆಗಣಿಸುತ್ತಾರೆ. ಹಳೆಯ ಫ್ಯಾನುಕ್‌ನಲ್ಲಿ ಬರೀ ಗೆರೆಗಳು, ಮ್ಯಾನುಯಲ್ ಗೈಡ್ ಇರುವ ಕಂಟ್ರೋಲರ್‌ನಲ್ಲಿ ಘನಾಕಾರದ ಚಿತ್ರ, ಸೀಮೆನ್ಸ್‌ನ ಶಾಪ್‌ಮಿಲ್ ಮತ್ತು ಶಾಪ್‌ಟರ್ನ್‌ನಲ್ಲಿ ಇನ್ನೂ ಸ್ಪಷ್ಟವಾದ ಸಿಮ್ಯುಲೇಶನ್, ಹೈಡನ್‌ಹೈನ್‌ನಲ್ಲಿ ಕಚ್ಚಾ ಮಾಲಿನ ಅಳತೆಯನ್ನು ಪ್ರೋಗ್ರಾಂನ ಆರಂಭದಲ್ಲೇ ಬರೆದು ಟೆಸ್ಟ್ ರನ್ ಮಾಡುವ ಪದ್ಧತಿ, ಹೀಗೆ ಮಟ್ಟಗಳು ಬೇರೆ ಬೇರೆ. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ: ಪ್ರೋಗ್ರಾಂ ಓದುತ್ತಿರುವುದು ಅದನ್ನು ನಿಜವಾಗಿ ನಡೆಸಲಿರುವ ಕಂಟ್ರೋಲರೇ. ಬಿಂದು ಬಿಟ್ಟ ಎಕ್ಸ್100 ಇಲ್ಲಿ 0.1 ಎಂದೇ ಕಾಣುತ್ತದೆ. ಮ್ಯಾಕ್ರೋ ವೇರಿಯಬಲ್ಲುಗಳಲ್ಲಿ (ಪ್ರೋಗ್ರಾಂ ಬಳಸುವ, ಬದಲಾಗುವ ಅಂಕಿಗಳ ಖಾನೆಗಳಲ್ಲಿ) ಈಗ ಯಾವ ಬೆಲೆ ಕೂತಿದೆಯೋ ಆ ಬೆಲೆಯೇ ಬಳಕೆಯಾಗುತ್ತದೆ. ಹೊರಗಿನ ಕಂಪ್ಯೂಟರ್‌ಗೆ ಅದು ತಿಳಿಯುವ ಮಾತೇ ಇಲ್ಲ. ಕೊರತೆ ಎಂದರೆ, ಬಹುತೇಕ ಮೆಶಿನ್‌ಗಳಲ್ಲಿ ಇಲ್ಲಿಯೂ ಕ್ಲಾಂಪ್, ವೈಸ್ ಕಾಣುವುದಿಲ್ಲ, ಮತ್ತು ಹಳೆಯ ಕಂಟ್ರೋಲರ್‌ಗಳಲ್ಲಿ ಗ್ರಾಫಿಕ್ ಓಡುವಾಗ ಇನ್ನೊಂದು ಜಾಬ್ ಕತ್ತರಿಸಲು ಆಗುವುದಿಲ್ಲ. ಸಣ್ಣ ಪ್ರೋಗ್ರಾಂಗಳಿಗೆ ಇದು ಹೊರೆಯಲ್ಲ. ಲಕ್ಷಾಂತರ ಸಾಲುಗಳ ಡೈ ಮೋಲ್ಡ್ ಪ್ರೋಗ್ರಾಂಗೆ ಇದನ್ನು ನೆಚ್ಚಿಕೊಳ್ಳಬೇಡಿ.

ಮೆಶಿನ್ ಲಾಕ್, ಡ್ರೈ ರನ್, ಗಾಳಿಯಲ್ಲಿ ಓಡಿಸುವುದು

ಈ ಮೂರನ್ನೂ ಒಂದೇ ಎಂಬಂತೆ ಮಾತಾಡುವುದು ರೂಢಿಯಾಗಿದೆ, ಒಂದೇ ಅಲ್ಲ. ಮೆಶಿನ್ ಲಾಕ್ ಒತ್ತಿದರೆ ಅಕ್ಷಗಳು ಕದಲುವುದಿಲ್ಲ, ಪರದೆಯ ಮೇಲಿನ ಸಂಖ್ಯೆಗಳು ಮಾತ್ರ ಓಡುತ್ತವೆ. ಪ್ರೋಗ್ರಾಂನ ವ್ಯಾಕರಣ ಸರಿಯಿದೆಯೇ ಎಂದು ನೋಡಲು ಇದು ಒಳ್ಳೆಯದು. ಆದರೆ ಎರಡು ಅಪಾಯಗಳಿವೆ. ಫ್ಯಾನುಕ್‌ನಲ್ಲಿ ಅಕ್ಷಗಳು ಲಾಕ್ ಆಗಿದ್ದರೂ ಎಂ, ಎಸ್, ಟಿ ಆದೇಶಗಳು (ಕೂಲಂಟ್‌ನಂಥ ಕೆಲಸಗಳು, ಸ್ಪಿಂಡಲ್ ವೇಗ, ಟೂಲ್ ಆಯ್ಕೆ) ನಡೆಯುತ್ತವೆ, ಅವುಗಳನ್ನು ತಡೆಯಬೇಕಾದರೆ ಬೇರೆ ಸ್ವಿಚ್ ಇದೆ. ಎರಡನೆಯದು ಇನ್ನೂ ಘೋರ: ಲಾಕ್ ತೆಗೆದ ಮೇಲೆ ಪರದೆ ತೋರಿಸುವ ಸ್ಥಾನಕ್ಕೂ ಮೆಶಿನ್ ನಿಜವಾಗಿ ನಿಂತಿರುವ ಸ್ಥಾನಕ್ಕೂ ಸಂಬಂಧ ತಪ್ಪಿರಬಹುದು. ಮತ್ತೆ ರೆಫರೆನ್ಸ್‌ಗೆ (ಮೆಶಿನ್‌ನ ಮೂಲ ಸ್ಥಾನಕ್ಕೆ) ಕಳಿಸದೆ ಸೈಕಲ್ ಸ್ಟಾರ್ಟ್ ಒತ್ತಿದರೆ, ತಪ್ಪು ಹುಡುಕಲು ಮಾಡಿದ ಪರೀಕ್ಷೆಯೇ ಡಿಕ್ಕಿಗೆ ಕಾರಣವಾಗುತ್ತದೆ. ಹೊಸ ಹುಡುಗರಿರುವ ಶಿಫ್ಟ್‌ನಲ್ಲಿ ಮೆಶಿನ್ ಲಾಕ್ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಡ್ರೈ ರನ್ ಎಂದರೆ ನಿಧಾನ ಎಂದು ತಿಳಿದವರಿದ್ದಾರೆ. ವಾಸ್ತವದಲ್ಲಿ ಪ್ರೋಗ್ರಾಂನಲ್ಲಿ ಬರೆದ ಫೀಡ್ ಬಿಟ್ಟು, ಜಾಗ್ ಫೀಡಿನ ನಾಬ್ ಯಾವ ವೇಗದಲ್ಲಿದೆಯೋ ಆ ವೇಗದಲ್ಲಿ ಟೂಲ್ ಓಡುವುದೇ ಡ್ರೈ ರನ್. ನಾಬ್ ಎತ್ತರದಲ್ಲಿದ್ದರೆ, ನಿಮಿಷಕ್ಕೆ 120 ಮಿ.ಮೀ. ಹೋಗಬೇಕಾದ ಡ್ರಿಲ್ ಸಾವಿರಗಳ ಲೆಕ್ಕದಲ್ಲಿ ಇಳಿಯುತ್ತದೆ. ಆದ್ದರಿಂದ ಇದನ್ನು ಜಾಬ್ ಇಲ್ಲದೆ, ಅಥವಾ ಟೂಲನ್ನು ಜಾಬಿನಿಂದ ಸಾಕಷ್ಟು ಮೇಲೆತ್ತಿಯೇ ಮಾಡಬೇಕು. ಮೇಲೆತ್ತುವುದಕ್ಕೆ ವರ್ಕ್ ಆಫ್‌ಸೆಟ್ ಪುಟದ ಮೊದಲಿನ ಬಾಹ್ಯ ಆಫ್‌ಸೆಟ್‌ನಲ್ಲಿ ಝಡ್‌ಗೆ 50 ಅಥವಾ 100 ತುಂಬುವ ಕ್ರಮವಿದೆ: ಬಳಸಿದ ವರ್ಕ್ ಆಫ್‌ಸೆಟ್ ಜಿ54 ಆಗಲಿ ಜಿ55 ಆಗಲಿ, ಇಡೀ ಪ್ರೋಗ್ರಾಂ ಅಷ್ಟು ಮೇಲೆ ನಡೆಯುತ್ತದೆ. ಕ್ಲಾಂಪ್‌ಗಳ ನಡುವೆ ಟೂಲ್ ಹೇಗೆ ಸುಳಿಯುತ್ತದೆ ಎಂದು ಕಣ್ಣಾರೆ ಕಾಣಬಹುದು, ಆ ಮುರಿದ ರ‍್ಯಾಪಿಡ್ ದಾರಿಯೂ ಸೇರಿ. ಕೆಲಸ ಮುಗಿದ ಮೇಲೆ ಆ 100 ಅನ್ನು ಮತ್ತೆ ಸೊನ್ನೆ ಮಾಡಲು ಮರೆತರೆ ಮುಂದಿನ ಸೈಕಲ್ ಗಾಳಿ ಕಡಿಯುತ್ತದೆ, ಅದರಿಂದ ನಷ್ಟವೇನಿಲ್ಲ. ಮೈನಸ್ 100 ಎಂದು ತುಂಬಿದವರನ್ನೂ ನಾನು ಕಂಡಿದ್ದೇನೆ. ಅವರ ಕಥೆ ಬೇರೆ.

ಗಾಳಿಯಲ್ಲಿ ಓಡಿಸುವುದರ ಬೆಲೆ ಮೆಶಿನ್ ಸಮಯ. ಗಂಟೆ ದರ 600 ರೂಪಾಯಿ, ತಿಂಗಳಿಗೆ ಹತ್ತು ಹೊಸ ಪ್ರೋಗ್ರಾಂ, ಒಂದೊಂದನ್ನು ಗಾಳಿಯಲ್ಲಿ ಓಡಿಸಲು 45 ನಿಮಿಷ ಎಂದಿಟ್ಟುಕೊಂಡರೆ, ತಿಂಗಳಿಗೆ ಏಳೂವರೆ ಗಂಟೆ, ಅಂದರೆ 4,500 ರೂಪಾಯಿ, ವರ್ಷಕ್ಕೆ 54,000. ಈ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ವರ್ಷಕ್ಕೆ ನಾಲ್ಕೇ ಹೊಸ ಜಾಬ್ ಬರುವ, ಒಂದೇ ಜಾಬನ್ನು ಸಾವಿರಗಟ್ಟಲೆ ಓಡಿಸುವ ಯೂನಿಟ್‌ಗೆ ಈ ಖರ್ಚು ಏನೂ ಅಲ್ಲ. ದಿನಕ್ಕೊಂದು ಹೊಸ ಜಾಬ್ ಬರುವ ಟೂಲ್ ರೂಮ್‌ಗೆ ಅದೇ ಖರ್ಚು ಹೊರಲಾರದ ಭಾರ.

ಪೂರ್ತಿ ಓಡಿಸುವುದಕ್ಕೆ ಬದಲಾಗಿ, ಪ್ರತಿ ಟೂಲ್‌ನ ಮೊದಲ ಇಳಿತವನ್ನು ಮಾತ್ರ ಕಾಯುವ ಒಂದು ಪದ್ಧತಿ ಇದೆ. ಡಿಕ್ಕಿಯ ನಂತರ ನಮ್ಮಲ್ಲಿ ಕಡ್ಡಾಯ ಮಾಡಿದ್ದು ಇದನ್ನೇ. ಸಿಂಗಲ್ ಬ್ಲಾಕ್ (ಒಂದು ಸಲಕ್ಕೆ ಒಂದೇ ಸಾಲು ನಡೆಸುವ ಸ್ವಿಚ್) ಹಾಕಿ, ರ‍್ಯಾಪಿಡ್ ಓವರ್‌ರೈಡನ್ನು ಅತಿ ಕೆಳಗಿನ ಹಂತಕ್ಕೆ ತಂದು, ಜಿ43 ಸಾಲು ನಡೆಯುವಾಗ ಟೂಲ್ ಜಾಬಿನಿಂದ ಅರ್ಧ ಗೇಣು ದೂರವಿರುವಂತೆಯೇ ಚಲನೆ ತಡೆಯುವ ಫೀಡ್ ಹೋಲ್ಡ್ ಒತ್ತಬೇಕು. ಈಗ ‘ಇನ್ನು ಉಳಿದ ದೂರ’ ತೋರಿಸುವ ಕಾಲಂ ನೋಡಿ. ಅಲ್ಲಿ ಝಡ್ 80 ಎಂದಿದೆ, ಗುರಿ ಝಡ್ 25 ಎಂದಿದೆ ಎನ್ನೋಣ. ಹಾಗಾದರೆ ಟೂಲ್ ತುದಿ ಜಾಬಿನ ಮೇಲ್ಮೈಯಿಂದ 105 ಮಿ.ಮೀ. ಮೇಲಿರಬೇಕು. ಸ್ಪಿಂಡಲ್ ನಿಂತಿದೆ ಎಂದು ಖಚಿತಪಡಿಸಿಕೊಂಡು ಉಕ್ಕಿನ ಸ್ಕೇಲ್ ಹಿಡಿದು ನೋಡಿದರೆ 78 ಇದೆ. ಆ 27 ಮಿ.ಮೀ. ವ್ಯತ್ಯಾಸ ಎಲ್ಲಿಂದ ಬಂತೆಂದು ನಿಮಗೀಗ ಗೊತ್ತು. ಒಂದು ಟೂಲ್‌ಗೆ ಅರ್ಧ ನಿಮಿಷ, ಹತ್ತು ಟೂಲ್‌ಗೆ ಐದು ನಿಮಿಷ. ಖರ್ಚು ಒಂದು ಸ್ಕೇಲ್. ಸಿಮ್ಯುಲೇಶನ್‌ಗಳು ಕಾಣದ ಆಫ್‌ಸೆಟ್ ತಪ್ಪನ್ನು ಹಿಡಿಯುವುದು ಇದೇ.

ಪೂರ್ಣ ಮೆಶಿನ್ ಸಿಮ್ಯುಲೇಶನ್

ಅಮೆರಿಕದ ಸಿಜಿಟೆಕ್ ಸಂಸ್ಥೆಯ ವೆರಿಕಟ್, ಈಗ ಹೆಕ್ಸಗಾನ್ ಕೈಯಲ್ಲಿರುವ ಎನ್‌ಸಿಸಿಮುಲ್, ಸೀಮೆನ್ಸ್ ಎನ್‌ಎಕ್ಸ್ ಒಳಗೆ ಜಿ ಕೋಡ್ ಓದಿಯೇ ನಡೆಸುವ ಸಿಮ್ಯುಲೇಶನ್, ಇವು ಈ ವರ್ಗದವು. ಪೋಸ್ಟ್ ಆದ ಕೋಡನ್ನೇ ಓದುತ್ತವೆ. ಕಂಟ್ರೋಲರ್‌ನ ನಡತೆಯನ್ನು ಅನುಕರಿಸುತ್ತವೆ. ಮೆಶಿನ್‌ನ ಸ್ಪಿಂಡಲ್ ಹೆಡ್, ಟೇಬಲ್, ಟರೆಟ್ (ಲೇಥ್‌ನಲ್ಲಿ ಟೂಲ್‌ಗಳನ್ನು ಹೊತ್ತ ಭಾಗ), ಫಿಕ್ಸ್ಚರ್ (ಜಾಬ್ ಹಿಡಿಯುವ ಸಾಧನ) ಎಲ್ಲವೂ ಪರದೆಯ ಮೇಲೆ ಚಲಿಸುತ್ತವೆ. ಅಕ್ಷದ ಮಿತಿ ಮೀರಿದರೆ ಹೇಳುತ್ತವೆ. ಐದು ಅಕ್ಷದ ಕೆಲಸದಲ್ಲಿ ಇದಕ್ಕೆ ಬದಲಿ ಇಲ್ಲವೆಂದೇ ಹೇಳುತ್ತೇನೆ. ಟೂಲ್‌ನ ತುದಿ ಜಾಬಿನ ಮೇಲೆ ಸುಮ್ಮನೆ ಒಂದೆರಡು ಡಿಗ್ರಿ ಓರೆಯಾಗುವಾಗ, ಅದನ್ನು ಸಾಧಿಸಲು ಟೇಬಲ್ 180 ಡಿಗ್ರಿ ಗಿರ್ರನೆ ತಿರುಗುವ ಸಂದರ್ಭಗಳಿವೆ. ಗೆರೆ ನೋಡಿದವನಿಗೆ ಇದು ಹೊಳೆಯುವುದೂ ಇಲ್ಲ, ಗಾಳಿಯಲ್ಲಿ 100 ಮಿ.ಮೀ. ಎತ್ತಿ ಓಡಿಸಿದರೆ ಟೇಬಲ್ ಮತ್ತು ಹೆಡ್‌ಗಳ ನಡುವಿನ ಅಂತರವೇ ಬದಲಾಗಿ ನಿಜಸ್ಥಿತಿ ಕಾಣುವುದೂ ಇಲ್ಲ.

ಬೆಲೆ ಲಕ್ಷಗಳ ಲೆಕ್ಕದ್ದು, ಜೊತೆಗೆ ವರ್ಷಾವಧಿಯ ನಿರ್ವಹಣಾ ಶುಲ್ಕ. ಕೊಟೇಶನ್‌ನಲ್ಲಿ ಬರೆಯದ ಖರ್ಚು ಇನ್ನೊಂದಿದೆ. ನಿಮ್ಮದೇ ಮೆಶಿನ್‌ನ ಮಾದರಿ ಕಟ್ಟಬೇಕು, ನಿಮ್ಮ ಕಂಟ್ರೋಲರ್‌ನ ಪ್ಯಾರಾಮೀಟರ್‌ಗಳಿಗೆ ಅದನ್ನು ಹೊಂದಿಸಬೇಕು, ಪ್ರತಿ ಹೋಲ್ಡರ್, ಪ್ರತಿ ಫಿಕ್ಸ್ಚರ್ ಅಳೆದು ತುಂಬಬೇಕು, ಬದಲಾದಾಗೆಲ್ಲ ತಿದ್ದಬೇಕು. ಇದಕ್ಕೆಂದೇ ಒಬ್ಬ ಮನುಷ್ಯ ಇಲ್ಲದ ಕಡೆ ಈ ಸಾಫ್ಟ್‌ವೇರ್ ಆರು ತಿಂಗಳಲ್ಲಿ ಧೂಳು ಹಿಡಿಯುತ್ತದೆ. ಕೊಳ್ಳುವ ಮಾತುಕತೆಯಲ್ಲಿ, ಪ್ರದರ್ಶನಕ್ಕೆ ಅವರು ತಂದ ಜಾಬ್ ಬಿಟ್ಟು, ಹಿಂದೆ ನಿಮ್ಮಲ್ಲಿ ನಿಜವಾಗಿ ಡಿಕ್ಕಿ ಹೊಡೆದ ಪ್ರೋಗ್ರಾಂ ಕೊಟ್ಟು ಹಿಡಿಯುತ್ತದೆಯೇ ನೋಡಿ. ಇಷ್ಟಾಗಿಯೂ ನೀವು ಕೊಟ್ಟ ಟೂಲ್ ಉದ್ದವನ್ನೇ ಅದು ನಂಬುತ್ತದೆ ಎಂಬುದನ್ನು ಮರೆಯುವಂತಿಲ್ಲ. ಈ ಅಂತರ ತುಂಬುವುದು ಒಕುಮಾ ಕಂಪನಿಯ ಡಿಕ್ಕಿ ತಡೆ ವ್ಯವಸ್ಥೆಯಂಥವು: ಕಂಟ್ರೋಲರ್ ಒಳಗೇ ಕೂತು, ಅಲ್ಲಿ ತುಂಬಿರುವ ಆಫ್‌ಸೆಟ್‌ಗಳನ್ನೇ ಬಳಸಿ, ಚಲನೆಗಿಂತ ಒಂದು ಹೆಜ್ಜೆ ಮುಂದೆ ನೋಡಿ ಮೆಶಿನನ್ನು ನಿಲ್ಲಿಸುತ್ತವೆ. ಆದರೆ ಅದು ಮೆಶಿನ್ ಜೊತೆಗೆ ಬರುವ ಸೌಲಭ್ಯ. ಇರುವ ಮೆಶಿನ್‌ಗೆ ತಂದು ಅಂಟಿಸುವಂಥದ್ದಲ್ಲ.

ಮೇಣ, ನೈಲಾನ್ ಅಥವಾ ಅಗ್ಗದ ಅಲ್ಯೂಮಿನಿಯಂ ಮೇಲೆ ಮೊದಲ ಜಾಬ್ ಕತ್ತರಿಸಿ ನೋಡುವ ಹಳೆಯ ಕ್ರಮದ ಬಗ್ಗೆ ಎರಡೇ ಮಾತು. ಅಳತೆ ಮತ್ತು ಆಕಾರ ಕೈಯಲ್ಲಿ ಹಿಡಿದು ನೋಡಬೇಕಾದ ಕಡೆ, ಕಚ್ಚಾ ಮಾಲು ಟೈಟಾನಿಯಂನಂತೆ ದುಬಾರಿಯಾದ ಕಡೆ ಅದು ಈಗಲೂ ಉಪಯುಕ್ತ. ಕ್ಲಾಂಪ್‌ಗೆ ಗುದ್ದುವ ತಪ್ಪಿದ್ದರೆ ಮೇಣದ ಮೇಲೂ ಗುದ್ದುತ್ತದೆ.

ಯಾವುದೂ ನೋಡದ ಒಂದು ಸಂದರ್ಭ

ಸಾಮಾನ್ಯವಾಗಿ ಸಿಮ್ಯುಲೇಶನ್‌ಗಳು ಪ್ರೋಗ್ರಾಂ ಮೊದಲ ಸಾಲಿನಿಂದ ಶುರುವಾಗುತ್ತದೆ ಎಂದು ಭಾವಿಸುತ್ತವೆ. ಆದರೆ ನಾಲ್ಕನೆಯ ಟೂಲ್ ಮುರಿದು, ಹೊಸದು ಹಾಕಿ, ಅಲ್ಲಿಂದಲೇ ಮುಂದುವರಿಸುವುದು ಪ್ರತಿ ಯೂನಿಟ್‌ನ ನಿತ್ಯದ ಕೆಲಸ. ನಡುವಿನಿಂದ ಶುರು ಮಾಡಿದಾಗ ಜಿ90 (ದೂರಗಳನ್ನು ಸೊನ್ನೆ ಬಿಂದುವಿನಿಂದ ಅಳೆ) ಎಂದು ಮೇಲೆಲ್ಲೋ ಬರೆದಿದ್ದ ಸಾಲು ಓದಿರುವುದಿಲ್ಲ. ಕೈಯಿಂದ ಮಾಡಿದ ಯಾವುದೋ ಕೆಲಸದ ಜಿ91 (ಈಗ ನಿಂತ ಜಾಗದಿಂದ ಅಳೆ) ಉಳಿದುಕೊಂಡಿರುತ್ತದೆ. ಉದ್ದದ ಆಫ್‌ಸೆಟ್ ರದ್ದಾಗಿರುತ್ತದೆ. ಇದಕ್ಕೆ ಸಾಫ್ಟ್‌ವೇರ್ ಬೇಡ. ಪ್ರತಿ ಟೂಲ್ ಬದಲಾವಣೆಯ ನಂತರವೂ, ಹಿಂದಿನ ಆದೇಶಗಳ ಉಳಿಕೆಯನ್ನು ತೆಗೆಯುವ ‘ಜಿ90 ಜಿ17 ಜಿ40 ಜಿ80’ ಸಾಲು, ವರ್ಕ್ ಆಫ್‌ಸೆಟ್, ಸ್ಪಿಂಡಲ್ ವೇಗ, ಜಿ43 ಇವೆಲ್ಲ ಹೊಸದಾಗಿ ಬರುವಂತೆ ಪೋಸ್ಟನ್ನು ಒಮ್ಮೆ ತಿದ್ದಿಸಿದರೆ ಯಾವ ಟೂಲ್‌ನಿಂದ ಬೇಕಾದರೂ ಧೈರ್ಯವಾಗಿ ಶುರು ಮಾಡಬಹುದು.

ಹಾಗಾದರೆ ಆಯ್ಕೆ

ಪೀಣ್ಯದ ಒಂದೇ ವಿಎಂಸಿಯ ಯೂನಿಟ್‌ಗೆ ನಾನು ಹೇಳಿದ್ದು ಹೀಗೆ. ಕ್ಯಾಮ್ ಈಗಾಗಲೇ ಇದೆ. ಅದರಲ್ಲಿ ಹೋಲ್ಡರ್‌ಗಳನ್ನೂ ವೈಸನ್ನೂ ಒಂದು ಭಾನುವಾರ ಕೂತು ಅಳೆದು ತುಂಬಿ. ಉಚಿತ ವ್ಯೂವರ್‌ನಲ್ಲಿ ಪೋಸ್ಟ್ ಆದ ಫೈಲ್ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೈಯಲ್ಲಿರುವ ಹಣವನ್ನು ಸಿಮ್ಯುಲೇಶನ್‌ಗೆ ಹಾಕುವ ಬದಲು ಟೇಬಲ್ ಮೇಲೆ ಕೂರಿಸುವ ಟೂಲ್ ಸೆಟ್ಟರ್‌ಗೆ ಹಾಕಿ; ಅದು ಟೂಲ್ ಉದ್ದವನ್ನು ತಾನೇ ಅಳೆದು ಆಫ್‌ಸೆಟ್ ಪುಟದಲ್ಲಿ ಬರೆಯುವುದರಿಂದ, 152 ಎಂಬುದು 125 ಆಗುವ ದಾರಿಯೇ ಮುಚ್ಚುತ್ತದೆ. ಅದಕ್ಕೂ ಹಣವಿಲ್ಲದಿದ್ದರೆ ಸ್ಕೇಲ್ ಮತ್ತು ಉಳಿದ ದೂರದ ಕಾಲಂ.

ಬೆಳಗಾವಿಯವರ ಟರ್ನಿಂಗ್ ಸೆಂಟರ್‌ಗಳಿಗೆ ಬೇರೆ ಲೆಕ್ಕ. ಅಲ್ಲಿ ಅಪಾಯವಿರುವುದು ಚಕ್‌ನ ದವಡೆಗಳ (ಜಾ) ಹತ್ತಿರ ಮತ್ತು ಬೋರಿಂಗ್ ಬಾರ್‌ನ ಹಿಂಬದಿಯಲ್ಲಿ. ಒಂದೇ ಜಾಬ್ ತಿಂಗಳುಗಟ್ಟಲೆ ಓಡುವುದರಿಂದ ಕಂಟ್ರೋಲರ್‌ನ ಗ್ರಾಫಿಕ್ ನೋಡಿ, ಮೊದಲ ಜಾಬನ್ನು ಸಿಂಗಲ್ ಬ್ಲಾಕ್‌ನಲ್ಲಿ ನಡೆಸುವುದು ಸಾಕು. ಕತ್ತರಿಸುವ ವೇಗವನ್ನು ಒಂದೇ ಸಮ ಇಡುವ ಜಿ96 ಬಳಸುವ ಪ್ರೋಗ್ರಾಂಗಳಲ್ಲಿ ಟೂಲ್ ಕೇಂದ್ರಕ್ಕೆ ಹತ್ತಿರವಾದಂತೆ ಸ್ಪಿಂಡಲ್ ತಿರುಗುವ ವೇಗ ಏರುತ್ತ ಹೋಗುತ್ತದೆ. ಅದಕ್ಕೆ ಜಿ50 ಎಸ್ ಮಿತಿ ಹಾಕಿದ್ದೀರಾ ಎಂಬುದನ್ನು ಯಾವ ಗೆರೆಯೂ ತೋರಿಸುವುದಿಲ್ಲ, ಕಣ್ಣಿಂದಲೇ ಓದಬೇಕು.

ಅವರು ಕೊಳ್ಳಬೇಕೆಂದಿರುವ ಐದು ಅಕ್ಷದ ಮೆಶಿನ್‌ಗಾದರೆ, ಪೂರ್ಣ ಸಿಮ್ಯುಲೇಶನ್‌ನ ಬೆಲೆಯನ್ನು ಮೆಶಿನ್ ಬೆಲೆಯ ಭಾಗವೆಂದೇ ತಿಳಿದು, ಸಾಲದ ಅರ್ಜಿಯಲ್ಲೇ ಸೇರಿಸಬೇಕು. ಆಮೇಲೆ ನೋಡೋಣ ಎಂದರೆ ಆ ಆಮೇಲೆ ಬರುವುದು ಸಾಮಾನ್ಯವಾಗಿ ಮೊದಲ ಡಿಕ್ಕಿಯ ಮರುದಿನ. ಒಂದು ವೇಳೆ ಹೆಚ್ಚಿನ ಕೆಲಸ ಮೂರು ಅಕ್ಷ ಮತ್ತು ಎರಡು ಸ್ಥಿರ ಕೋನಗಳದ್ದಾಗಿದ್ದರೆ, ಕೋನ ಬದಲಾಗುವಾಗಲೆಲ್ಲ ಝಡ್ ಪೂರ್ತಿ ಮೇಲೆ ಹೋಗುವಂತೆ ಪೋಸ್ಟ್ ಬರೆಸಿಕೊಂಡು ಮೊದಲ ವರ್ಷ ಸಾಫ್ಟ್‌ವೇರ್ ಇಲ್ಲದೆಯೂ ದಾಟಬಹುದು. ಒಂದೊಂದು ಜಾಬಿಗೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಬ್ಲೇಡು, ಇಂಪೆಲ್ಲರ್‌ಗಳಂಥ ಐದೂ ಅಕ್ಷ ಒಟ್ಟಿಗೆ ಚಲಿಸುವ ಜಾಬಿನ ಆರ್ಡರ್ ಬರುವ ದಿನ ಮಾತ್ರ ಈ ಉಪಾಯ ನಿಲ್ಲುವುದಿಲ್ಲ, ಆದ್ದರಿಂದ ಆರ್ಡರ್ ಒಪ್ಪುವ ಮುಂಚೆ ಸಾಫ್ಟ್‌ವೇರ್‌ನವರಿಂದ ಕೊಟೇಶನ್ ತರಿಸಿಕೊಂಡು, ಅದನ್ನೂ ಸೇರಿಸಿ ಜಾಬಿನ ದರ ಹೇಳಿ.